ಹೂಜಿಯ ಮೇಲಿನ ಸುಗ್ಗಿ

ಪಾತ್ರೆಗಳಿಗೂ ನಿವೃತ್ತಿಯೆಂಬುದುಂಟು. ಅಡುಗೆಮನೆಯಲ್ಲಿ ಬಹುಕಾಲ ದುಡಿದ ಪಾತ್ರೆ ಒಡೆಯದೆ ಉಳಿದರೆ ಒಂದು ದಿನ ಗಾಜಿನ ಬೀರುವಿಗೆ ಬಡ್ತಿ ಪಡೆಯುತ್ತದೆ. ಅಂದಿನಿಂದ ಅದಕ್ಕೆ ಮರ್ಯಾದೆ ಹೆಚ್ಚು, ಕೆಲಸವಿಲ್ಲ. ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಲ್ಲಿ ಹೀಗೆ ವಿಶ್ರಾಂತಿ ಪಡೆಯುತ್ತಿರುವ ಮಣ್ಣಿನ ಹೂಜಿಗಳು ಅನೇಕ. ಗುಂಡು ಹೊಟ್ಟೆ, ಮುಂದಕ್ಕೆ ಚಾಚಿದ ಬಾಯಿ, ಹಿಂದೆ ಒಂದು ಹಿಡಿ. ಹೊಟ್ಟೆಯ ಮೇಲೆ ನೇಗಿಲು, ಗೋಧಿಯ ಸಿವುಡು, ಸಂತುಷ್ಟರಾದ ರೈತ ದಂಪತಿಗಳು. ಅವನ್ನು ನೋಡಿದವರಿಗೆ ಆ ನಾಡಿನ ಹಳ್ಳಿಗಳಲ್ಲಿ ಸುಗ್ಗಿಯಲ್ಲದೆ ಬೇರೊಂದು ಋತುವೇ ಇರಲಿಲ್ಲವೇನೋ ಎಂದು ತೋರಬೇಕು.

ಇವುಗಳಲ್ಲಿ ಹಿರಿಯವು ಉತ್ತರ ಡೆವನ್ ಪ್ರಾಂತದ ಸುಗ್ಗಿಯ ಹೂಜಿಗಳು. ಬಾರ್ನ್‌ಸ್ಟೇಪಲ್ ಮತ್ತು ಬಿಡೆಫರ್ಡ್ ಊರುಗಳ ಕುಂಬಾರರು 17ನೆಯ ಶತಮಾನದಲ್ಲಿಯೇ ಈ ಕಸುಬಿಗೆ ಹೆಸರಾದವರು. ತಿಗರಿಯ ಮೇಲೆ ಕೆಂಪು ಮಣ್ಣಿನ ಹೂಜಿಯನ್ನು ಎತ್ತಿ, ಅದಕ್ಕೆ ಬಿಳಿಯ ಜೇಡಿಯ ತೆಳುಲೇಪವನ್ನು ಕೊಟ್ಟು, ಅದು ಪೂರ್ಣ ಗಟ್ಟಿಯಾಗುವ ಮೊದಲೇ ಮೊನೆಯಿಂದ ಗೀರುತ್ತಿದ್ದರು. ಗೀರಿದೆಡೆಯಲ್ಲೆಲ್ಲ ಒಳಗಿನ ಕೆಂಪು ಮೂಡಿ ಹೂವಾಗುತ್ತಿತ್ತು, ಹಕ್ಕಿಯಾಗುತ್ತಿತ್ತು, ಹಡಗಾಗುತ್ತಿತ್ತು. ಮೇಲೆ ಸೀಸದ ಮೆರುಗು ಹಚ್ಚಿ ಆವಿಗೆಯಲ್ಲಿ ಸುಟ್ಟರೆ ಬಿಳುಪೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಮದುವೆಯ ಉಡುಗೊರೆಗೆಂದು ಹೆಸರು ಮತ್ತು ಇಸವಿಯನ್ನು ಬರೆಸಿದ ಹೂಜಿಗಳೂ ಉಂಟು.

ಕೊಯ್ಲಿನ ದಿನಗಳಲ್ಲಿ ಇಂಥ ಹೂಜಿಯಲ್ಲಿ ಸೇಬಿನ ರಸದಿಂದ ಮಾಡಿದ ಸೈಡರ್ ಎಂಬ ಮದ್ಯ ಹೊಲಕ್ಕೆ ಹೋಗುತ್ತಿತ್ತು. ಅದನ್ನು ಬರಿಯ ಉಪಚಾರವೆಂದು ತಿಳಿಯಬಾರದು. ಅದು ಕೂಲಿಯ ಒಂದು ಭಾಗ. ಬೆವರಿಗೆ ಅರ್ಧ ನಾಣ್ಯ, ಅರ್ಧ ಮದ್ಯ ಎಂಬಂತಿದ್ದ ಈ ಪದ್ಧತಿಯನ್ನು ಪಾರ್ಲಿಮೆಂಟು ನಿಷೇಧಿಸಿದ್ದು 1887ರಲ್ಲಿ. ಕೂಲಿಯವನ ಮನೆಯಲ್ಲಿ ರೊಟ್ಟಿಗಾಗಿ ಕಾದಿದ್ದ ಹೆಂಡತಿಗೆ ಹೂಜಿಯ ಹೂವುಗಳು ಎಷ್ಟು ಚೆಲುವಾಗಿ ಕಂಡಿದ್ದಾವು?

18ನೆಯ ಶತಮಾನದಲ್ಲಿ ಹೂಜಿಯ ಚಿತ್ರಗಳಿಗೆ ಹೊಸದೊಂದು ದಾರಿ ತೆರೆಯಿತು. ಲಿವರ್‌ಪೂಲ್ ನಗರದ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು ಗೋಡೆಗೆ ಜೋಡಿಸುವ 1,200ಕ್ಕೂ ಹೆಚ್ಚು ಮೆರುಗಿನ ಬಿಲ್ಲೆಗಳಿಗೆ ಆರು ಗಂಟೆಗಳಲ್ಲಿ ಚಿತ್ರ ಮುದ್ರಿಸಿದುದಾಗಿ 1756ರಲ್ಲಿ ಪ್ರಮಾಣ ಮಾಡಿ ಹೇಳಿದರು. ತಾಮ್ರದ ಫಲಕದಲ್ಲಿ ಕೊರೆದ ಚಿತ್ರಕ್ಕೆ ಮಸಿ ತುಂಬಿ, ತೆಳುಕಾಗದಕ್ಕೆ ಇಳಿಸಿ, ಕಾಗದವನ್ನು ಪಾತ್ರೆಗೆ ಒತ್ತುವ ವಿದ್ಯೆ ಬಂದ ಮೇಲೆ ಒಂದೇ ಚಿತ್ರ ಸಾವಿರ ಹೂಜಿಗಳನ್ನು ಏರಬಹುದಾಯಿತು. ಸ್ಟ್ಯಾಫರ್ಡ್‌ಶೈರ್, ಸಂಡರ್‌ಲೆಂಡ್‌ಗಳ ಕಾರ್ಖಾನೆಗಳಲ್ಲಿ ಆಗ ಬಹು ಜನಪ್ರಿಯವಾದುದು ರೈತನ ಲಾಂಛನ. ಕುಲೀನರ ಲಾಂಛನದಲ್ಲಿ ಸಿಂಹ, ಖಡ್ಗಗಳಿದ್ದರೆ ಇದರಲ್ಲಿ ಸಿವುಡು, ಕುಡುಗೋಲು, ಹಲುಬೆ, ತೆನೆ ಬಡಿಯುವ ಕೋಲು. ಇಕ್ಕೆಲಗಳಲ್ಲಿ ಕಾವಲಿಗೆ ರೈತ ಮತ್ತು ಅವನ ಮಡದಿ. ಜೊತೆಗೆ ನೇಗಿಲಿಗೆ ದೇವರ ಕೃಪೆಯಿರಲೆಂಬ ಹಾರೈಕೆ. ಹಣ ಕೊಟ್ಟವರಿಗೆ ಅವರ ಹೆಸರನ್ನೂ ಬರೆದುಕೊಡುತ್ತಿದ್ದರು.

ಹೆಸರು ಬರೆಸಿದವನು ಸಾಮಾನ್ಯವಾಗಿ ಜಮೀನು ಮಾಡುವ ಯಜಮಾನ. ಕುಡುಗೋಲು ಹಿಡಿದ ಕೂಲಿಯವನಲ್ಲ. ಇಬ್ಬರ ದಾರಿಗಳೂ ಬೇರಾಗುತ್ತಿದ್ದ ಕಾಲವದು. 1760ರಿಂದ 1830ರವರೆಗೆ ಪಾರ್ಲಿಮೆಂಟು ಸಾವಿರಾರು ಕಾಯಿದೆಗಳ ಮೂಲಕ ಊರಿನ ಸಾಮಾನ್ಯ ಭೂಮಿಗೆ ಬೇಲಿ ಹಾಕಿಸಿತು. ಒಂದು ಹಸು, ನಾಲ್ಕು ಬಾತುಗಳನ್ನು ಗೋಮಾಳದಲ್ಲಿ ಮೇಯಿಸಿಕೊಂಡಿದ್ದ ಬಡವನಿಗೆ ಉಳಿದುದು ದಿನಗೂಲಿಯೊಂದೇ. ಚಳಿಗಾಲದಲ್ಲಿ ಹೊಲದ ಕೆಲಸ ನಿಂತಾಗ ಅವನ ಒಲೆಯನ್ನು ಉರಿಸುತ್ತಿದ್ದುದು ಅದೇ ತೆನೆ ಬಡಿಯುವ ಕೋಲು. ಯಜಮಾನನಿಗೆ ಅದು ಹೂಜಿಯ ಮೇಲಿನ ಅಲಂಕಾರ. ಕೂಲಿಯವನಿಗೆ ತಿಂಗಳುಗಟ್ಟಲೆಯ ಅನ್ನ.

ಅಷ್ಟರಲ್ಲಿ ಒಕ್ಕಣೆಯ ಯಂತ್ರ ಬಂದಿತು. 1830ರ ಬೇಸಗೆಯ ಕೊನೆಯಲ್ಲಿ ಕೆಂಟ್ ಪ್ರಾಂತದ ಕೂಲಿಗಾರರು ಅಂಥ ಯಂತ್ರಗಳನ್ನು ಒಡೆಯತೊಡಗಿದರು. ಆ ಕೋಪ ಚಳಿಗಾಲದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಹಬ್ಬಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ನೂರಾರು ಜನರನ್ನು ಆಸ್ಟ್ರೇಲಿಯದ ಕಡೆಗೆ ಗಡೀಪಾರು ಮಾಡಿದರು. ಕಾರ್ಖಾನೆಗಳ ತಾಮ್ರದ ಫಲಕಗಳಲ್ಲಿ ಮಾತ್ರ ಆ ಕೋಲು ಮೊದಲಿನಂತೆಯೇ ಕುಡುಗೋಲಿನ ಪಕ್ಕದಲ್ಲಿ ಸುಖವಾಗಿತ್ತು.

ಹೂಜಿ ಮಾಡಿದವರ ಪಾಡೂ ಉತ್ತಮವಾಗಿರಲಿಲ್ಲ. ಕಲ್ಲಿನ ಪುಡಿಯ ಧೂಳು ಅವರ ಶ್ವಾಸಕೋಶಗಳನ್ನು ತಿಂದಿತು. ಮೆರುಗಿನ ಸೀಸ ಮೈಗೆ ವಿಷವಾಯಿತು. ಹೊಗೆ ಕವಿದ ಬೀದಿಗಳಲ್ಲಿ ಬಾಳಿದವರೇ ಹಸುರು ಹೊಲಗಳನ್ನು ಹೂಜಿಗೆ ಒತ್ತಿ ಕಳುಹಿಸಿದರು.

ಹಾಗೆಂದು ಹೂಜಿ ಸುಳ್ಳಾಡಿತೆನ್ನಬಹುದೆ? ಅದರ ಮೇಲಿನದು ವರದಿಯಲ್ಲ, ಹಾರೈಕೆ. ಬೆಳೆ ಬರಲಿ, ಕಣ ತುಂಬಲಿ, ಮನೆಯಲ್ಲಿ ಉಣ್ಣುವವರು ನಗುತ್ತಿರಲಿ ಎಂಬ ಹಾರೈಕೆಯನ್ನು ಯಾವ ನಾಡಿನ ಬಡವನೂ ಅಲ್ಲಗಳೆಯಲಾರ. ಒಡೆದ ಹೂಜಿಗೂ ಲೋಹದ ಕೊಂಡಿ ಬಿಗಿಸಿ ಜನರು ಉಳಿಸಿಕೊಂಡುದು ಆ ಹಾರೈಕೆಯ ಮೋಹದಿಂದಲೇ ಇರಬೇಕು.

ಗಾಜಿನ ಬೀರುವಿನ ಮುಂದೆ ನಿಂತವರು ಮೊದಲು ಓದುವುದು ಹೂಜಿಯ ಮೇಲಿರುವ ಯಜಮಾನನ ಹೆಸರನ್ನು. ಓದಿದ ಮೇಲೆ ಅದರ ಹಿಡಿಯನ್ನೂ ಒಮ್ಮೆ ನೋಡಬೇಕು. ಬಿಸಿಲಿನಲ್ಲಿ ಕೊಯ್ದು ದಣಿದ ಎಷ್ಟೋ ಕೈಗಳು ಸಾಲಾಗಿ ಅದನ್ನು ಹಿಡಿದು, ಕುಡಿದು, ಪಕ್ಕದವನಿಗೆ ದಾಟಿಸಿವೆ. ಅವರ ಹೆಸರುಗಳನ್ನು ಯಾರೂ ಗೀರಲಿಲ್ಲ.