ಗಡಿಪೇಟೆಯ ಹರಳುಗಳು

ಕಂಪ್ಯೂಟರ್ ಆಟವೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಜಪಾನಿನಲ್ಲಿ ಬೇರೊಂದು ಬಗೆಯಿದೆ. ‘ವಿಷುವಲ್ ನಾವೆಲ್’ ಎಂದು ಅದರ ಹೆಸರು. ಪರದೆಯ ಮೇಲೆ ಚಿತ್ರ, ಕೆಳಗೆ ಮಾತು, ಹಿನ್ನೆಲೆಯಲ್ಲಿ ಸಂಗೀತ. ಕಾದಂಬರಿಯಂತೆ ಓದುತ್ತ ಹೋಗಬೇಕು. ಮುಂದೇನು ಮಾಡುವುದೆಂದು ಅಲ್ಲಲ್ಲಿ ನಾವೇ ತೀರ್ಮಾನಿಸಬೇಕು. 1996ರ ಡಿಸೆಂಬರಿನಲ್ಲಿ ಎಲ್ಫ್ ಎಂಬ ಕಂಪೆನಿ ಪಿಸಿ-98 ಕಂಪ್ಯೂಟರುಗಳಿಗಾಗಿ ಹೊರತಂದ ‘ಯೂ-ನೋ’ ಇಂಥದ್ದೊಂದು ಆಟ. ಬರೆದವರು ಹಿರೊಯುಕಿ ಕನ್ನೊ. ಸಂಗೀತಗಾರರಲ್ಲಿ ಒಬ್ಬರು ರ್ಯು ಉಮೆಮೊಟೊ. ಇಬ್ಬರೂ 2011ರಲ್ಲಿ ತೀರಿಕೊಂಡರು. ನಾನು ಆಡಿದ್ದು 2017ರ ಹೊಸ ರೂಪವನ್ನು; ಅದು ಇಂಗ್ಲಿಷಿಗೆ ಬಂದದ್ದು 2019ರಲ್ಲಿ. ಮೂಲ ಆಟ ವಯಸ್ಕರಿಗೆಂದೇ ಮಾಡಿದ್ದು. ಹೊಸದೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ನನಗೆ ಹಿಡಿಸದ ಭಾಗಗಳೂ ಅದರಲ್ಲಿವೆ.

ಕತೆ ನಡೆಯುವ ಊರು ಸಕಾಯ್‌ಮಾಚಿ. ‘ಸಕಾಯ್’ ಎಂದರೆ ಗಡಿ, ‘ಮಾಚಿ’ ಎಂದರೆ ಪೇಟೆ. ಕಾಸರಗೋಡಿನವನ ಕುತೂಹಲ ಕೆರಳಲು ಅಷ್ಟು ಸಾಲದೆ? ತಾಕುಯಾ ಅಲ್ಲಿಯ ಒಬ್ಬ ವಿದ್ಯಾರ್ಥಿ. ಇತಿಹಾಸಕಾರನಾದ ಅವನ ತಂದೆ ಸತ್ತನೆಂದು ಎಲ್ಲರೂ ನಂಬಿರುವಾಗ ಆ ತಂದೆಯಿಂದಲೇ ಒಂದು ಕಟ್ಟು ಬರುತ್ತದೆ. ಅದರಲ್ಲಿ ಹರಳುಗಳನ್ನು ಕೂರಿಸುವ ಯಂತ್ರವೊಂದಿದೆ.

ಆಟದ ಜೀವ ಈ ಹರಳುಗಳಲ್ಲಿದೆ. ನಾವು ಒಂದೊಂದು ತೀರ್ಮಾನ ಮಾಡಿದಾಗಲೂ ಕತೆ ಮರದಂತೆ ಕವಲೊಡೆಯುತ್ತದೆ. ಆ ಕವಲುಗಳ ನಕ್ಷೆ ಪರದೆಯ ಮೇಲೆ ಮೂಡುತ್ತದೆ. ಹರಳನ್ನು ಇಟ್ಟು ಬಂದ ಕ್ಷಣಕ್ಕೆ ಮಾತ್ರ ಹಿಂದಿರುಗಬಹುದು. ಹರಳುಗಳೋ ಕೆಲವೇ ಕೆಲವು. ಹಿಂದಿರುಗಿದರೂ ನಡೆದದ್ದು ಅಳಿಯುವುದಿಲ್ಲ. ಹೊಸದೊಂದು ಕವಲು ಹುಟ್ಟುತ್ತದೆ, ಅಷ್ಟೆ. ಕಾಲ ಹಿಂದಕ್ಕೆ ಹೋದೀತು, ಚರಿತ್ರೆ ಹೋಗದು ಎಂಬುದು ಕತೆಯ ತಿರುಳು. ಇನ್ನೊಂದು ವಿಶೇಷವೆಂದರೆ, ಒಂದು ಕವಲಿನಲ್ಲಿ ಸಿಕ್ಕಿದ ವಸ್ತು ಇನ್ನೊಂದಕ್ಕೆ ಹೋದಾಗಲೂ ಕೈಯಲ್ಲೇ ಇರುತ್ತದೆ. ಇಲ್ಲಿ ದಾರಿ ಮುಚ್ಚಿದ್ದರೆ ಬೀಗದ ಕೈ ಅಲ್ಲೆಲ್ಲೋ ಇರುತ್ತದೆ.

ಆಡುತ್ತಿದ್ದಷ್ಟು ದಿನವೂ ತೀರಿಕೊಂಡ ನನ್ನ ಅಪ್ಪನದೇ ನೆನಪು. ಅವರ ಮಾತೆಲ್ಲ ‘ಆಗಿದ್ದರೆ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. 1956ರ ನವೆಂಬರ್ 1ರಂದು ಗೆರೆ ಬೇರೆ ಕಡೆ ಬಿದ್ದಿದ್ದರೆ! ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಜಾರಿಯಾಗಿದ್ದರೆ! ಆ ಕವಲುಗಳಲ್ಲಿ ನಾವು ಯಾರೂ ಹರಳಿಟ್ಟು ಬಂದಿಲ್ಲ. ಹಾಗೆಂದು ಅಪ್ಪನ ಭಯ ಸುಳ್ಳೆಂದು ಹೇಳಲಾರೆ. ನಮ್ಮ ನೆರೆಯಲ್ಲಿ ಕನ್ನಡ ಓದಬಲ್ಲ ಮಕ್ಕಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಅಪ್ಪ ಬಿಟ್ಟುಹೋದದ್ದು ಒಂದು ಪೆಟ್ಟಿಗೆ ಹಳಗನ್ನಡದ ಪುಸ್ತಕ. ಕಳೆದ ಮಳೆಗಾಲದಲ್ಲಿ, ಶಾಲೆಯಲ್ಲಿ ಮಲಯಾಳ ಕಲಿಯುವ ಮಗಳು ಅದರಿಂದ ಒಂದನ್ನು ತೆಗೆದು, “ಅಪ್ಪಾ, ಇದು ಯಾವ ಅಕ್ಷರ?” ಎಂದು ಕೇಳಿದಳು. ‘ಮೞೆ’ ಎಂದು ಅಚ್ಚಾಗಿತ್ತು. ಹೊಸಗನ್ನಡ ಆ ಅಕ್ಷರವನ್ನು ಕೈಬಿಟ್ಟು ಶತಮಾನಗಳಾದವು, ‘ಮೞೆ’ ‘ಮಳೆ’ಯಾಯಿತು. ಉಚ್ಚಾರ ತೋರಿಸಲು ನನ್ನ ನಾಲಗೆ ತೊಡರಿತು.

“ಮಲಯಾಳದ ‘ಮೞ’ದಲ್ಲಿ ಇರುವುದೇ ಅಲ್ಲವೆ?” ಎಂದು ಅವಳು ಸಲೀಸಾಗಿ ಹೇಳಿಬಿಟ್ಟಳು. ಏಳಕ್ಕೆ ‘ಏೞ್’ ಎಂದಿದ್ದದ್ದೂ ಅವಳಿಗೆ ತೊಡಕಾಗಲಿಲ್ಲ. ಕನ್ನಡವನ್ನು ಕೊಚ್ಚಿಕೊಂಡು ಹೋದೀತೆಂದು ಅಪ್ಪ ಅಂಜಿದ್ದ ಭಾಷೆಯೇ ಅವರ ಪೆಟ್ಟಿಗೆಯ ಬೀಗ ತೆಗೆಯಿತು.

ಇದರಿಂದ ನಮ್ಮ ಕಷ್ಟ ಪರಿಹಾರವಾಯಿತೆಂದು ನಾನು ಹೇಳುವುದಿಲ್ಲ. ಪೆಟ್ಟಿಗೆ ಮನೆಯಲ್ಲಿ ಇರದಿದ್ದರೆ ಬೀಗದ ಕೈಯಿಂದ ಏನು ಪ್ರಯೋಜನ? ಹಿಂದಕ್ಕೆ ಹೋಗುವ ಯಂತ್ರ ನಮಗೆ ಸಿಗಲಾರದು. ಈ ಕವಲಿನಲ್ಲಿ ಏನನ್ನು ಕೈಯಲ್ಲಿ ಹಿಡಿದು ನಡೆಯುತ್ತೇವೆ ಎಂಬುದಷ್ಟೇ ನಮ್ಮ ಪಾಲಿಗೆ ಉಳಿದಿದೆ. ಮಗಳೀಗ ವಾರಕ್ಕೆ ಎರಡು ಪುಟ ಓದುತ್ತಾಳೆ. ಪೆಟ್ಟಿಗೆಯಲ್ಲಿ ಇನ್ನೂ ಬಹಳವಿದೆ.