‘ಪೋಯಿಂದಿ’ ಅಂದಾಗ ಏನು ಬರೆಯಬೇಕು?

ನಮ್ಮ ಭಾವನ ಮನೆ ಆಂಧ್ರದ ಮಡಕಶಿರಾ ಕಡೆ, ಅಡಿಕೆ ತೋಟ ಗಡಿಯ ಈಚೆ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ. ಬೆಳಿಗ್ಗೆ ಎಪಿ 02 ನಂಬರಿನ ಗಾಡಿಯಲ್ಲಿ ಬಂದು ನೀರು ಬಿಟ್ಟು, ಮಧ್ಯಾಹ್ನದ ಊಟಕ್ಕೆ ವಾಪಸ್ ಹೋಗುತ್ತಾನೆ. ಈ ಓಡಾಟಕ್ಕೆ ರಾಜ್ಯ ಬೇರೆ ಅನ್ನುವ ನೆನಪೇ ಇರುವುದಿಲ್ಲ. ಅಮರಾಪುರಂ, ರೊಳ್ಳ, ಗುಡಿಬಂಡೆ ಕಡೆಯ ಮನೆಗಳಲ್ಲಿ ಕನ್ನಡ ಆಡುತ್ತಾರೆ, ಅಲ್ಲಿ ಕನ್ನಡ ಶಾಲೆಗಳಿವೆ. ಹೇಮಾವತಿ ಅಂತ ಈಗ ಕರೆಯುವ ಹೆಂಜೇರು ನೊಳಂಬರ ರಾಜಧಾನಿ, ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಈಚೆ ಹಿರಿಯೂರು, ಚಳ್ಳಕೆರೆ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ತೆಲುಗು. ಭಾವ ಅನ್ನುವ ಮಾತು ಎರಡೂ ಭಾಷೆಯಲ್ಲಿ ಹೆಚ್ಚೂಕಡಿಮೆ ಒಂದೇ. ಸರಹದ್ದು ಅನ್ನುವ ಮಾತೂ ಅಷ್ಟೇ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಭಾವ ಸ್ಟಾರ್ಟರ್ ಗುಂಡಿ ಒತ್ತಿದರೆ ಮೋಟರ್ ಎದ್ದಿಲ್ಲ. ಕರೆಂಟಿತ್ತು. ಬೋರಿನ ಹತ್ತಿರ ಹೋಗಿ ನೋಡಿದರೆ ಕೇಸಿಂಗ್ ಪೈಪಿನ ಬಾಯಲ್ಲಿ ಒಂದು ಗೇಣು ಕೇಬಲ್ ಉಳಿದಿತ್ತು, ಕುಡುಗೋಲಿನಲ್ಲಿ ಕೊಯ್ದ ಹಾಗೆ ಓರೆಯಾಗಿ ಕತ್ತರಿಸಿದ್ದರು. ಅಲ್ಲಿಂದ ಸ್ಟಾರ್ಟರ್ ಪೆಟ್ಟಿಗೆಯವರೆಗಿನದು ಅಷ್ಟೂ ಇಲ್ಲ. ಬದುವಿನ ಮರೆಯಲ್ಲಿ ಬೂದಿ, ಕರಗಿ ಗಟ್ಟಿಯಾದ ಕಪ್ಪು ರಬ್ಬರು. ಅಲ್ಲೇ ಸುಟ್ಟು, ತಾಮ್ರ ಮಾತ್ರ ಗುಜರಿಗೆ ಒಯ್ದಿದ್ದಾರೆ. ಬೋರ್ ಇರುವ ರೈತ ಯಾರನ್ನಾದರೂ ಕೇಳಿ, ಚಿತ್ರದುರ್ಗ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದವರು ಸಿಗುವುದು ಕಷ್ಟ.

ಇಬ್ಬರೂ ಠಾಣೆಗೆ ಹೋದೆವು. ಯಾವ ಠಾಣೆ ಅನ್ನುವುದು ಬೇಡ, ನನ್ನ ಮಾತು ಒಂದು ಠಾಣೆಯ ಬಗ್ಗೆ ಅಲ್ಲ. ಭಾವ ನನಗಿಂತ ಚೆನ್ನಾಗಿ ಕನ್ನಡ ಆಡುತ್ತಾನೆ. ಆದರೆ ಖಾಕಿ ಕಂಡ ಕೂಡಲೇ ಗಾಬರಿಯಾಗಿ ತಾಯಿಯ ಭಾಷೆ ಮುಂದೆ ಬಂತು. “ಸಾರ್, ಕೇಬುಲು ಪೋಯಿಂದಿ” ಅಂದ. ರೈಟರ್ ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ಸಹಿ ಹಾಕಿ ಅಂತ ಹಾಳೆ ತಿರುಗಿಸಿದಾಗ ನಾನು ಓದಿದೆ: ‘ಸದರಿ ಕೇಬಲ್ ಕಳೆದುಹೋಗಿರುತ್ತದೆ.’

ತೆಲುಗಿನ ಪೋಯಿಂದಿ ಅಂದರೆ ಹೋಯಿತು. ಜೇಬಿನಿಂದ ಜಾರಿದ್ದೂ ಪೋಯಿಂದಿ, ಕಳ್ಳ ಎತ್ತಿಕೊಂಡು ಹೋಗಿದ್ದೂ ಪೋಯಿಂದಿ, ಕರೆಂಟು ತೆಗೆದರೂ ಪೋಯಿಂದಿ. ಕನ್ನಡಕ್ಕೆ ಬರುವಾಗ ಅದು ಎರಡು ದಾರಿಯಲ್ಲಿ ಒಂದನ್ನು ಹಿಡಿಯಬೇಕು. ಕಳೆದುಹೋಗಿದೆ ಅಂತ ಬರೆದರೆ ಅಜಾಗರೂಕತೆ ಕಳಕೊಂಡವನದು. ಕಳವಾಗಿದೆ ಅಂತ ಬರೆದರೆ ಎಲ್ಲೋ ಒಬ್ಬ ಕಳ್ಳ ಇದ್ದಾನೆ, ಅವನನ್ನು ಹುಡುಕುವ ಕೆಲಸ ಒಬ್ಬರ ಮೇಲೆ ಬೀಳುತ್ತದೆ. ಬೋರಿಗೆ ಕಟ್ಟಿದ ಕೇಬಲ್ ಹೇಗೆ ಕಳೆದುಹೋಗುತ್ತದೆ ಸಾರ್ ಅಂತ ಕೇಳಿದೆ. “ಅವರೇ ತಾನೆ ಹಂಗಂದಿದ್ದು?” ಅಂದರು. ಅದು ನಿಜವೇ. ಭಾವ ಅಂದದ್ದು ಅದೇ ಮಾತು.

ಗಡಿಯಲ್ಲಿ ಇಂಥದು ಪದೇ ಪದೇ ಆಗುತ್ತದೆ. ತೆಲುಗಿನವರು ‘ನಾ ಬಂಡಿ ಪೋಯಿಂದಿ’ ಅಂದರೆ ಬೈಕು ಹೋಯಿತು ಅಂತ. ನಮ್ಮಲ್ಲಿ ಬಂಡಿ ಅಂದರೆ ಎತ್ತಿನದು. ಆಚೆಯಿಂದ ಸಂತೆಗೆ ಬಂದಿದ್ದ ಹಿರಿಯರೊಬ್ಬರನ್ನು ಅಲ್ಲಿದ್ದ ಹುಡುಗ “ಎತ್ತೂ ಹೋದ್ವಾ ತಾತ?” ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಸಂತೆಯಲ್ಲಿ ಇಂಥದ್ದು ಎರಡು ಮಾತಿನಲ್ಲಿ ಸರಿಯಾಗುತ್ತದೆ. ಠಾಣೆಯ ಹಾಳೆಯ ಮೇಲೆ ಕೂತರೆ ಸರಿಯಾಗುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಹೆಂಗಸರು ಠಾಣೆಗೆ ಹೋಗುವಾಗ ಓದಿದ ಹುಡುಗನೊಬ್ಬನನ್ನು ಜೊತೆಗೆ ಕರಕೊಂಡು ಹೋಗುವುದು ಯಾಕೆ ಅಂತ ಆ ದಿನ ನನಗೆ ಅರ್ಥವಾಯಿತು.

ಕಾನೂನಿಗೆ ಇದು ಗೊತ್ತಿಲ್ಲದೆ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಹೇಳಿದವನಿಗೆ ಓದಿ ಹೇಳಬೇಕು ಅನ್ನುತ್ತದೆ. ಹಳೆಯ ಕಾನೂನಿನಲ್ಲೂ ಇದು ಇತ್ತು. ಎಫ್‌ಐಆರ್ ಆದರೆ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಘಟನೆ ಯಾವ ಸರಹದ್ದಿನಲ್ಲೇ ನಡೆದಿರಲಿ, ಗಂಭೀರ ದೂರು ಬಂದರೆ ತಗೊಳ್ಳಬೇಕು. ಜೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಎರಡು ರಾಜ್ಯದ ನಡುವೆ ಓಡಾಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ, ‘ಅದು ಆಂಧ್ರಕ್ಕೆ ಬರುತ್ತೆ ಹೋಗ್ರಿ’ ಅನ್ನುವ ಉತ್ತರ ನಮಗೆ ಚೆನ್ನಾಗಿ ಪರಿಚಯ. ದೂರಿನಲ್ಲಿ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ ಕಂಡರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರಿನಲ್ಲೇ ಹೇಳಿದೆ.

ಆದರೆ ಅದೇ ಹೊಸ ಕಾನೂನು ಬಡವನ ಕಳವಿಗೆ ಒಂದು ಗೆರೆ ಎಳೆದಿದೆ. ಮೊದಲು ಎಷ್ಟು ಬೆಲೆಯ ವಸ್ತು ಕದ್ದರೂ ಪೊಲೀಸರು ತಾವೇ ತನಿಖೆಗೆ ಇಳಿಯಬಹುದಿತ್ತು. ಈಗ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳ್ಳತನ ಅಸಂಜ್ಞೇಯ ಅಪರಾಧ. ಪುಸ್ತಕದಲ್ಲಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ಅಂತ ಹೇಳಬೇಕು, ಅವರ ಆದೇಶ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಭಾವ ಹೊಸ ಕೇಬಲಿಗೆ ಕೊಟ್ಟದ್ದು 4,500. ಅಂದರೆ ಗೆರೆಯ ಕೆಳಗೆ. ಎಂಟು ದಿನ ನೀರಿಲ್ಲದೆ ಹಿಂಗಾರದ ಹರಳು ಉದುರಿದ್ದಕ್ಕೆ ಬೆಲೆ ಕಟ್ಟುವವರು ಯಾರು? ಕೇಬಲಿನ ಬೆಲೆ ಅಂಗಡಿಯ ಬಿಲ್ಲಿನಲ್ಲಿದೆ. ಅದು ಹೋದದ್ದರಿಂದ ಆದ ನಷ್ಟ ತೋಟಕ್ಕೆ ಬಂದು ನೋಡಿದವರಿಗೆ ಮಾತ್ರ ಕಾಣುತ್ತದೆ. ಯಾರೂ ಬರಲಿಲ್ಲ.

ಗಾಡಿಗಳಿಗೆ ಆಗುವ ಹಾನಿಯ ಗತಿಯೂ ಇದೇ. ಹೊಸದುರ್ಗ, ಹೊಳಲ್ಕೆರೆ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಂದು ನೋಡಿದರೆ ಬೈಕಿನ ಪೆಟ್ರೋಲ್ ಪೈಪ್ ಕೊಯ್ದಿದ್ದಾರೆ, ಒಂದು ಕನ್ನಡಿ ಒಡೆದಿದೆ, ಹಿಂದಿನ ದೀಪದ ಕೆಂಪು ಚೂರುಗಳು ಮಣ್ಣಿನಲ್ಲಿ ಬಿದ್ದಿವೆ. ಎದುರಿನ ಅಂಗಡಿಗೆ ಸಿಸಿ ಕ್ಯಾಮೆರಾ ಇತ್ತು. “ಅಂಗಡಿಯವರನ್ನ ನೀವೇ ಕೇಳಿ ನೋಡ್ರಿ” ಅಂತ ಠಾಣೆಯಲ್ಲಿ ಹೇಳಿದರು. “ಪೊಲೀಸರು ಹೇಳದೆ ತೋರಿಸಕಾಗಲ್ಲಣ್ಣ” ಅಂತ ಅಂಗಡಿಯವನು ಹೇಳಿದ. ಎರಡು ಸಲ ಅಲ್ಲಿಂದಿಲ್ಲಿಗೆ ಓಡಾಡಿದೆ. ಇನ್ಶೂರೆನ್ಸ್ ಇದೆಯಲ್ಲ ಅಂದರು. ನನ್ನದು ಥರ್ಡ್ ಪಾರ್ಟಿ, ಹಳ್ಳಿಗಳಲ್ಲಿ ಹಳೆಯ ಬೈಕಿರುವ ಬಹಳ ಜನರದೂ ಅದೇ. ಅದರಲ್ಲಿ ನಮ್ಮ ಗಾಡಿಗಾದ ಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ತಿ ವಿಮೆ ಇದ್ದವರು ಗಾಡಿ ಕಳವಾದರೆ ಎಫ್‌ಐಆರ್ ಪ್ರತಿ, ಪತ್ತೆಯಾಗಿಲ್ಲ ಅನ್ನುವ ವರದಿ ತರಬೇಕು. ಅದಕ್ಕೂ ಮೊದಲ ಮೆಟ್ಟಿಲು ಠಾಣೆಯೇ.

ಪೊಲೀಸರ ಕಷ್ಟ ನನಗೆ ಕಾಣದೆ ಇಲ್ಲ. ಒಂದು ಎಫ್‌ಐಆರ್ ಅಂದರೆ ಸ್ಥಳಕ್ಕೆ ಹೋಗಬೇಕು, ಮಹಜರು ಬರೆಯಬೇಕು, ಪಂಚರನ್ನು ಹುಡುಕಬೇಕು, ಕಂಪ್ಯೂಟರಿಗೆ ಹಾಕಬೇಕು, ಕೋರ್ಟಿಗೆ ಕಳಿಸಬೇಕು. ಪತ್ತೆಯಾಗದಿದ್ದರೆ ಸಿ ರಿಪೋರ್ಟ್ ಹಾಕಿ ಮೇಲಿನವರಿಗೆ ಉತ್ತರ ಹೇಳಬೇಕು. ನಡುವೆ ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತು. ಹಿರಿಯೂರಿನಂಥ ಕಡೆ ಬೆಂಗಳೂರು–ಪುಣೆ ಹೆದ್ದಾರಿಯ ಅಪಘಾತಗಳು ಬೇರೆ. ದಾಖಲಾದ ಪ್ರಕರಣ ಪತ್ತೆಯಾಗದೆ ಉಳಿದರೆ ಪ್ರಶ್ನೆ ಬರುತ್ತದೆ, ದಾಖಲಾಗದೆ ಹೋದದ್ದಕ್ಕೆ ಯಾರೂ ಏನೂ ಕೇಳುವುದಿಲ್ಲ. ಹೀಗಿರುವಾಗ ‘ಕಳೆದುಹೋಗಿರುತ್ತದೆ’ ಅನ್ನುವುದು ಎಲ್ಲರಿಗೂ ಹಗುರ. ಮೊಬೈಲಿನ ವಿಷಯದಲ್ಲಿ ಹಾಗೆ ಬರೆದರೂ ಉಪಯೋಗವಿದೆ, ಒಪ್ಪುತ್ತೇನೆ. 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ತೆರೆದ ಸಿಇಐಆರ್ ವ್ಯವಸ್ಥೆಯಲ್ಲಿ ಐಎಂಇಐ ನಂಬರ್ ಹಾಕಿ ಫೋನನ್ನು ಬ್ಲಾಕ್ ಮಾಡಬಹುದು. ಬೇರೆಯವರು ಸಿಮ್ ಹಾಕಿದರೆ ಜಾಡು ಸಿಗುತ್ತದೆ, ಫೋನ್ ವಾಪಸ್ ಬಂದವರು ಇದ್ದಾರೆ. ಆದರೆ ಕೇಬಲಿಗೆ ಐಎಂಇಐ ಇಲ್ಲ. ಪೆಟ್ರೋಲ್ ಪೈಪಿಗೂ ಇಲ್ಲ.

ಬರೆಯದೆ ಬಿಟ್ಟದ್ದರಿಂದ ಆಗುವ ದೊಡ್ಡ ನಷ್ಟ ಪೊಲೀಸರಿಗೇ. ಒಂದೇ ತಿಂಗಳಲ್ಲಿ ಅಕ್ಕಪಕ್ಕದ ಆರು ತೋಟದಲ್ಲಿ ಕೇಬಲ್ ಹೋಗಿ, ಆರೂ ಹಾಳೆಯಲ್ಲಿ ಕಳವು ಅಂತ ಇದ್ದರೆ ಒಬ್ಬ ಚುರುಕಾದ ಪಿಎಸ್‌ಐ ಆ ಕಡೆಯ ರಾತ್ರಿ ಬೀಟನ್ನು ಬದಲಿಸುತ್ತಾರೆ, ಗುಜರಿ ಅಂಗಡಿಯಲ್ಲಿ ಸುಟ್ಟ ತಾಮ್ರ ಯಾರು ತಂದರು ಅಂತ ಕೇಳುತ್ತಾರೆ. ಗುಜರಿಯವನಿಗೂ ಅಷ್ಟು ಭಯ ಸಾಕು. ಹಾಳೆಯೇ ಇಲ್ಲದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ನಾವು ಕಳ್ಳನನ್ನು ನಾಳೆಯೇ ತಂದು ನಿಲ್ಲಿಸಿ ಅನ್ನುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆದುಕೊಳ್ಳಿ, ಓದಿ ಹೇಳಿ, ಒಂದು ಸ್ವೀಕೃತಿ ಕೊಡಿ ಅನ್ನುತ್ತಿದ್ದೇವೆ. ಗಡಿಯ ಠಾಣೆಗಳಲ್ಲಿ ತೆಲುಗು ಬಲ್ಲ ಸಿಬ್ಬಂದಿಗೆ ಕೊರತೆ ಇರಲಾರದು, ದೂರು ಬರೆಯುವ ಮೇಜಿನ ಹತ್ತಿರ ಅವರನ್ನು ಕೂರಿಸಿದರೆ ಸಾಕು.

ಆ ದಿನ ನಾನು ಸಹಿ ಹಾಕಬೇಡ ಅಂದೆ. ಭಾವನಿಗೆ ಸಂಕೋಚ, ನನ್ನ ಅಂಗಿ ಜಗ್ಗಿದ. ರೈಟರ್ ಮುಖ ಗಂಟಿಕ್ಕಿಕೊಂಡರೂ ಕೊನೆಗೆ ಬೇರೆ ಹಾಳೆ ತಗೊಂಡರು. ‘ಯಾರೋ ಕಳ್ಳರು ಕಳ್ಳತನ ಮಾಡಿಕೊಂಡು ಹೋಗಿರುತ್ತಾರೆ’ ಅಂತ ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿ ಕೊಟ್ಟರು. ಭಾವ ಅದನ್ನು ಮಡಿಸಿ ಬ್ಯಾಂಕ್ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡ. ಕೇಬಲ್ ಇವತ್ತಿನವರೆಗೂ ಸಿಕ್ಕಿಲ್ಲ. ಹೊಸದನ್ನು ಪಿವಿಸಿ ಪೈಪಿನೊಳಗೆ ತೂರಿಸಿ ಎರಡಡಿ ಆಳದಲ್ಲಿ ಹೂತಿದ್ದಾನೆ.

ಮೊನ್ನೆ ರಾತ್ರಿ ಭಾವನ ಫೋನ್ ಬಂತು. ಪಕ್ಕದ ತೋಟದವರದೂ ಹೋಗಿದೆಯಂತೆ. “ಅವ್ರಿಗೆ ಹೇಳಿದೀನಿ ಕಣೋ, ಠಾಣೆಗೆ ಹೋದ್ರೆ ಪೋಯಿಂದಿ ಅನ್ನಬ್ಯಾಡ್ರಿ, ಎತ್ತುಕುಪೋಯಾರು ಅನ್ರಿ ಅಂತ. ನೀನು ಬೆಳಿಗ್ಗೆ ಬೇಗ ಬಾ, ಮೂರು ಜನ ಹೋಗಾಣ. ನನ್ನ ಚೀಟಿನೂ ತರ್ತೀನಿ.”