ತ್ಲಾಕೊಲೂಲಾದ ಬೋಣಿ

ವಹಾಕಾ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ತ್ಲಾಕೊಲೂಲಾ. ಭಾನುವಾರ ನಾನು ಬಸ್ಸಿಳಿಯುವಷ್ಟರಲ್ಲಿ ಚರ್ಚಿನ ಸುತ್ತಲಿನ ಬೀದಿಗಳ ಮೇಲೆಲ್ಲ ತಾಡಪಾಲು ಬಿಗಿದಾಗಿತ್ತು. ದಕ್ಷಿಣ ಮೆಕ್ಸಿಕೋದ ಈ ಕಣಿವೆಯಲ್ಲಿ ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್ ಎಂದು ಸಂತೆ ಊರೂರು ಸುತ್ತುತ್ತದೆ. ಸ್ಪೇನಿನವರು ಬರುವ ಮೊದಲೇ ಇದ್ದ ಪದ್ಧತಿಯಿದು; ಸಂತೆಗೆ ಇಲ್ಲಿನವರು ಹೇಳುವ 'ತಿಯಾಂಗಿಸ್' ಮೂಲನಿವಾಸಿಗಳ ನವಾತ್ಲ್ ಭಾಷೆಯಿಂದ ಬಂದ ಮಾತು. 1940ರ ಆಸುಪಾಸಿನಲ್ಲಿ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ, ಮೆಕ್ಸಿಕೋದ ಹೂಲಿಯೋ ದೆ ಲಾ ಫ್ವೆಂತೆ ಜೊತೆ ಈ ಕಣಿವೆಯ ಸಂತೆಗಳನ್ನು ಅಧ್ಯಯನ ಮಾಡಿದ್ದರು.

ವ್ಯಾಪಾರಕ್ಕೆ ಕೂತವರಲ್ಲಿ ಹೆಂಗಸರೇ ಹೆಚ್ಚು. ಕಸೂತಿ ಹಾಕಿದ ಏಪ್ರನ್ನು, ತಲೆಗೆ ಸುತ್ತಿದ ಶಾಲು. ತಮ್ಮತಮ್ಮಲ್ಲಿ ಸಾಪೊತೆಕ್ ಭಾಷೆ, ಹೊರಗಿನವರೊಡನೆ ಸ್ಪ್ಯಾನಿಶ್. ಅವರ ಮುಂದೆ ಹುರಿದ ಮಿಡತೆಯ ರಾಶಿ, ಮೆಕ್ಕೆಜೋಳ, ಅದನ್ನು ಬೇಯಿಸಲು ಬೇಕಾದ ಸುಣ್ಣ.

ಒಬ್ಬ ಹೆಂಗಸು ದೊಡ್ಡ ಮಣ್ಣಿನ ಬೋಗುಣಿಗೆ ಮೊಣಕೈವರೆಗೆ ಕೈಯಿಳಿಸಿ ಹಿಟ್ಟು ನಾದುತ್ತಿದ್ದಳು. ಬೂದಿಯಲ್ಲಿ ಬೇಯಿಸಿದ ಮೆಕ್ಕೆಜೋಳ, ಕೋಕೋ, ಮಮೇ ಹಣ್ಣಿನ ಬೀಜ, ರೊಸಿತಾ ಎಂಬ ಪರಿಮಳದ ಹೂವು ಎಲ್ಲ ಸೇರಿಸಿ ಅರೆದದ್ದು. ಹದಕ್ಕೆ ಬಂದದ್ದೇ ತಣ್ಣೀರನ್ನು ಎತ್ತರದಿಂದ ಧಾರೆಯಾಗಿ ಸುರಿದಳು. ಬೆಳ್ಳಗೆ, ದಪ್ಪಗೆ, ಹಾಲಿನ ಕೆನೆಯಂತೆ ನೊರೆಯೆದ್ದಿತು. ಇದು ತೆಹಾತೆ. ಚಿತ್ತಾರ ಬರೆದ ಒಣಕಾಯಿಯ ಬುರುಡೆಯಲ್ಲಿ ಕೊಟ್ಟಳು. ನೊರೆಯೇ ಅದರ ಜೀವ.

ಅಂದಿನ ಮೊದಲ ಗಿರಾಕಿ ನಾನೇ ಇರಬೇಕು. ಕೊಟ್ಟ ನೋಟು ಹಿಡಿದು ಅವಳು ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡಳು. ಬೋಣಿಯ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮೂರ ಹೂವಾಡಗಿತ್ತಿ ನೆನಪಾಗಿ ಗಂಟಲು ಕಟ್ಟಿತು. ಮೆಕ್ಸಿಕೋದ ಸಂತೆಗಳಲ್ಲಿ ದಿನದ ಮೊದಲ ವ್ಯಾಪಾರಕ್ಕೆ ಹೇಳುವುದೇ 'ಶಿಲುಬೆಯ ಗುರುತು ಮಾಡಿಕೊಳ್ಳುವುದು' ಎಂಬರ್ಥದ ಮಾತು.

ಕೊಸರಿಗೂ ಅಲ್ಲೊಂದು ಹೆಸರಿದೆ, 'ಪಿಲೋನ್'. ಒಣಮೆಣಸಿನಕಾಯಿ ಅಳೆದುಕೊಟ್ಟ ಮುದುಕಿ, ನಾನು ಕೇಳುವ ಮೊದಲೇ ಇನ್ನೊಂದು ಹಿಡಿ ಹಾಕಿ 'ಮರ್ಚಾಂತೆ' ಎಂದಳು. ಮಾರುವವರು ಕೊಳ್ಳುವವರನ್ನೂ, ಕೊಳ್ಳುವವರು ಮಾರುವವರನ್ನೂ ಕರೆಯುವುದು ಈ ಒಂದೇ ಮಾತಿನಿಂದ! ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದ ಮೆಣಸಿನಕಾಯಿಯ ತವರು ಈ ಖಂಡ. ಅದಿಲ್ಲದೆ ಬ್ಯಾಡಗಿ ಪೇಟೆ ಎಲ್ಲಿರುತ್ತಿತ್ತು?

ತೆಯೊತಿತ್ಲಾನ್ ಊರಿನ ನೇಕಾರನೊಬ್ಬ ಉಣ್ಣೆಯ ಕಂಬಳಿ ಹರಡಿಕೊಂಡಿದ್ದ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವೊಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳಿಂದ ಅರೆದ, ಕಡುಗೆಂಪು. ಅದರ ಮೇಲೆ ನಿಂಬೆ ಹಿಂಡಿದಾಗ ಬಣ್ಣ ಕಿತ್ತಳೆಯತ್ತ ತಿರುಗಿತು.

ಅಲ್ಲೇ ಪಕ್ಕದಲ್ಲಿ ಟರ್ಕಿ ಕೋಳಿಗಳ ಸಾಲು. ಒಬ್ಬಾತ ಹಕ್ಕಿಯನ್ನು ತಕ್ಕಡಿಗೆ ನೇತುಹಾಕಿ, ಬೇಡವೆಂದು ಇಳಿಸಿ, ಇನ್ನೊಂದನ್ನು ತೂಗುತ್ತಿದ್ದ. ಗೆಲಗೆತ್ಸಾ ತೀರಿಸಲು ಎಂದು ನೇಕಾರ ವಿವರಿಸಿದ. ಮದುವೆಗೋ ಹಬ್ಬಕ್ಕೋ ಯಾರಾದರೂ ಟರ್ಕಿ, ಮೆಕ್ಕೆಜೋಳ, ಕೋಕೋ ಕೊಟ್ಟರೆ ತೂಕದ ಸಮೇತ ಪುಸ್ತಕದಲ್ಲಿ ಬರೆದಿಡುತ್ತಾರೆ; ಅವರ ಮನೆಯ ಕಾರ್ಯಕ್ಕೆ ಅಷ್ಟೇ ತೂಕದ್ದನ್ನು ಹಿಂತಿರುಗಿಸಬೇಕು. ನಮ್ಮ ಹಳ್ಳಿಗಳ ಮುಯ್ಯಿಯೇ. ಆತ ಮೂರನೆಯ ಹಕ್ಕಿಯನ್ನು ಎತ್ತಿ ತೂಗಿದ, ಚೀಟಿ ತೆಗೆದು ನೋಡಿದ, ತಲೆಯಾಡಿಸಿ ಕಾಸು ಎಣಿಸತೊಡಗಿದ.